ಪಕ್ಕದ ಬಾಲ್ಕನಿಯ ಮದುವೆ ಹಾಡು

ಕೊರೊನಾದ ಕರ್ಫ್ಯೂ ದಿನಗಳಲ್ಲಿ ನಾನು ಕುವೈತಿನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಗೂ ಬಾಲ್ಕನಿಗೂ ಸುಮ್ಮನೆ ಓಡಾಡುತ್ತಿದ್ದೆ. ಮಗ ಕೆಲಸಕ್ಕೆಂದು ಶುಐಬಾದ ಪ್ಲಾಂಟಿನಲ್ಲೇ ಉಳಿದಿದ್ದ, ಮನೆಯಲ್ಲಿ ನಾನು ಮತ್ತು ಅವನ ಮಗಳು. ಅವನ ಫೋನ್ ಬರುವ ತನಕ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ರೋಸರಿ ಹಿಡಿದರೂ ಮಧ್ಯದಲ್ಲಿ ಲೆಕ್ಕ ತಪ್ಪುತ್ತಿತ್ತು.

ಅಂಥದೊಂದು ಸಂಜೆ, ಪಕ್ಕದ ಬಾಲ್ಕನಿಯಲ್ಲಿ ನಮ್ಮ ಪ್ಯಾಲೆಸ್ತೀನಿ ನೆರೆಯವಳು ಫೋನಿನೊಡನೆ ಜಗಳಕ್ಕೆ ನಿಂತಿದ್ದಳು. ಅವಳಿಗೆ ಸೋಂಕು ತಗಲಿದ್ದರಿಂದ ಮಗಳು ಕೆಳಮಹಡಿಯ ಚಿಕ್ಕಪ್ಪನ ಮನೆ ಸೇರಿದ್ದಳು. ಅಂದು ಆ ಮಗಳ ಮದುವೆ. ಕರ್ಫ್ಯೂಗೆ ಮೊದಲೇ ಗಂಡು ಬಂದು ಹುಡುಗಿಯನ್ನು ಕರೆದೊಯ್ಯಬೇಕು. ನೆಂಟರಿಲ್ಲ, ಅಪ್ಪುಗೆಯಿಲ್ಲ, ತಾಯಿ ಮೇಲಿಂದಲೇ ಹಾಡಿ ಕಳಿಸಬೇಕು. ಅವರಲ್ಲಿ ಒಬ್ಬಳು ನಾಲ್ಕು ಸಾಲಿನ ಪದ ಹಾಡಿದರೆ ಉಳಿದ ಹೆಂಗಸರು ನಾಲಿಗೆ ಹೊರಳಿಸಿ 'ಲುಲುಲು' ಎಂದು ಉತ್ತರ ಕೊಡುವುದು ಪದ್ಧತಿ. ಜೋರ್ಡಾನಿನ ಅಮ್ಮಾನಿನಲ್ಲಿದ್ದ ತಂಗಿಯರು ಫೋನಿನಲ್ಲಿ ಕೊಟ್ಟ ಉತ್ತರ ತಡವಾಗಿ ಬಂದು ಮುಂದಿನ ಪದದ ಮೇಲೆ ಬೀಳುತ್ತಿತ್ತು.

"ಖಲಾಸ್!" ಎಂದು ಫೋನ್ ಕಟ್ ಮಾಡಿ ಅವಳು ನನ್ನತ್ತ ತಿರುಗಿದಳು. "ಮದಾಮ್, ನೀವು ಉತ್ತರ ಕೊಡಿ. ಸಾವಿನ ಮನೆಯಿಂದ ಕಳಿಸಿದ ಹಾಗೆ ಮಗಳನ್ನು ಕಳಿಸಲಾರೆ."

"ನಾನಾ? ನನ್ನದು ಚರ್ಚ್ ಕ್ವಾಯರ್ ವಾಯ್ಸು, ಮೈ ಡಿಯರ್!"

ಕೆಳಗೆ ಗಂಡಿನ ಕಾರು ಬಂತು. ಬಿಳಿ ಉಡುಪಿನ ಹುಡುಗಿ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. ತಾಯಿ ಪದ ಎತ್ತಿದಳು: ಕೊರೊನಾ, ನೀನು ಮೆಟ್ಟಿಲಲ್ಲೇ ನಿಲ್ಲು, ನಿನ್ನನ್ನು ಯಾರೂ ಕರೆದಿಲ್ಲ, ಮುಖ ಮುಚ್ಚಿದರೇನು, ನನ್ನ ಮಗಳ ಕಣ್ಣೇ ಸಾಕು. ಹಳೆಯ ಧಾಟಿಗೆ ನಿಂತಲ್ಲೇ ಕಟ್ಟಿದ ಹೊಸ ಮಾತು.

ಮೊದಲ ಪದ ಮುಗಿದರೂ, ಹಾಡು ಪೂರ್ತಿ ಮುಗಿಯಲಿ ಎಂದು ನಾನು ಕೈಕಟ್ಟಿ ನಿಂತೆ. ಕಾನ್ವೆಂಟಿನಲ್ಲಿ ಹಾಡಿಸುತ್ತಿದ್ದ ಸಿಸ್ಟರ್ ಕೈ ಇಳಿಸುವವರೆಗೆ ಕೆಮ್ಮುವಂತೆಯೂ ಇರಲಿಲ್ಲವಲ್ಲ. ಹುಡುಗಿ ಕಾರು ಹತ್ತದೆ ನನ್ನನ್ನೇ ನೋಡುತ್ತಿದ್ದಳು. ಡ್ರೈವರ್ ಹಾರ್ನ್ ಒತ್ತಿದ.

"ಯಲ್ಲಾ ಮದಾಮ್, ನಿದ್ದೆ ಬಂತಾ?" ಎಂದು ನೆರೆಯವಳು ಅವಸರಿಸಿದಳು.

"ಅಜ್ಜಿ, ನೌ! ಜಸ್ಟ್ ಸ್ಕ್ರೀಮ್!" ಎಂದು ಮೊಮ್ಮಗಳು ಬೆನ್ನಿಗೆ ತಿವಿದಳು.

ಮಾಸ್ಕ್ ಕೆಳಗೆಳೆದು ನಾಲಿಗೆ ಹೊರಳಿಸಿದೆ. ಕುಕ್ಕರ್ ಕೂಗಿದಂತೆ ಏನೋ ಹೊರಬಿತ್ತು. ಹುಡುಗಿ ನಕ್ಕಳು, ಅಷ್ಟು ದೂರದಿಂದಲೂ ಅವಳ ಭುಜ ಕುಲುಕಿದ್ದು ಕಂಡಿತು. ಎರಡನೆಯ ಪದಕ್ಕೆ ಮೇಲಿನ ಮಹಡಿಯ ಮಲಯಾಳಿ ನರ್ಸ್ ಕೂಡ ದನಿ ಸೇರಿಸಿದಳು. ಆಮೇಲೆ ಹುಡುಗಿ ಕಾರು ಹತ್ತಿದಳು.

ಕಾರು ತಿರುವು ದಾಟಿತು. ಕರ್ಫ್ಯೂ ಸೈರನ್ ಕೂಗಿತು. ಒಳಗೆ ನನ್ನ ಫೋನ್ ರಿಂಗಾಯಿತು.

"ಅಜ್ಜಿ, ಡ್ಯಾಡಿ!"

ಕಾಲು ಒಳಕ್ಕೆ ಎಳೆಯಿತು. ಆದರೆ ನೆರೆಯವಳು ಬರಿದಾದ ರಸ್ತೆಗೆ ಇನ್ನೊಂದು ಪದ ಎತ್ತಿದ್ದಳು. ದನಿ ಒಡೆಯುತ್ತಿತ್ತು.

"ಒಂದು ನಿಮಿಷ ಹೋಲ್ಡ್ ಮಾಡು ಅಂತ ಹೇಳು ಮಗಾ" ಎಂದೆ. ಕಂಬಿ ಹಿಡಿದು, ಉತ್ತರ ಕೊಡಲು ಪದ ಮುಗಿಯುವುದನ್ನೇ ಕಾದೆ.