ಓದಿಸಿದ ಸಕ್ಕರೆ

ಹಳೆಯ ದಿನಪತ್ರಿಕೆಯ ತುಂಡಿನಲ್ಲಿ ಕಟ್ಟಿದ ಒಂದು ಹಿಡಿ ಸಕ್ಕರೆ ನನ್ನ ಹಾಸ್ಟೆಲಿನ ಮೇಜಿನ ಮೇಲಿದೆ. ಇರುವೆ ಮುತ್ತದಿರಲೆಂದು ತಟ್ಟೆಗೆ ನೀರು ಹಾಕಿ, ನಡುವೆ ಲೋಟವನ್ನು ಬೋರಲಿಟ್ಟು, ಅದರ ಮೇಲೆ ಪೊಟ್ಟಣವನ್ನು ಕೂರಿಸಿದ್ದೇನೆ; ತನ್ನದೇ ದ್ವೀಪದಲ್ಲಿ ಕುಳಿತ ಪುಟ್ಟ ದೊರೆಯ ಹಾಗೆ ಅದು ನನ್ನನ್ನು ನೋಡುತ್ತಿದೆ. ಅಂಗಡಿಯ ಸಕ್ಕರೆಯೇ. ನನ್ನ ಚಹಾದ ಡಬ್ಬಿಯಲ್ಲಿರುವುದಕ್ಕೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಇಲ್ಲ. ಆದರೆ, ಗೆಳೆಯರೇ, ಇದು ಓದಿಸಿದ ಸಕ್ಕರೆ.

ಶಿರಾ ಸೀಮೆಯ ನಮ್ಮ ಹಳ್ಳಿಗಳಲ್ಲಿ ಮೊಹರಂ ಎಂದರೆ ಬಾಬಯ್ಯನ ಹಬ್ಬ. ಅಂಗೈಯ ಆಕಾರದ ಲೋಹದ ಪಂಜಾವನ್ನು ಪೆಟ್ಟಿಗೆಯಿಂದ ತೆಗೆದು, ಹುಣಸೆಹಣ್ಣು ಹಚ್ಚಿ ಬೆಳಗಿ, ಹೂ ಮುಡಿಸಿ ಗದ್ದುಗೆಯ ಮೇಲೆ ಕೂರಿಸುತ್ತಾರೆ. ಮನೆಮನೆಯವರು ಸಕ್ಕರೆ ತಂದು ಅದರ ಮುಂದಿಡುತ್ತಾರೆ. ಮುಸಲ್ಮಾನ ಹಿರಿಯರೊಬ್ಬರು ಕೈಯೆತ್ತಿ ಅರಬ್ಬಿಯ ಪ್ರಾರ್ಥನೆ ಓದುತ್ತಾರೆ. ಎಲ್ಲರೂ ಆಮೀನ್ ಎನ್ನುತ್ತಾರೆ. ಓದಿದವರು ಮೊದಲ ಚಿಟಿಕೆ ಬಾಯಿಗೆ ಹಾಕಿಕೊಂಡ ಮೇಲೆ ಸಕ್ಕರೆ ಊರಿಗೆಲ್ಲ ಹಂಚಿಕೆಯಾಗುತ್ತದೆ. ನಮ್ಮೂರಿನ ಪಂಜಾ ಇರುವುದು ಕುರಿ ಸಾಕುವ ನಮ್ಮ ಮನೆಯಲ್ಲಿ. ಅದಕ್ಕೆ ಯಜಮಾನಿ ನನ್ನ ಅಜ್ಜಿ.

ತಾರೀಕು ಹಾಕದೆ ಏನನ್ನೂ ಬರೆದಿಡುವ ಅಭ್ಯಾಸ ನನಗಿಲ್ಲ. ದಿನಚರಿಯ ಪುಟಗಳಲ್ಲಿ ಗೀಟು ಹಾಕಿ ಲೆಕ್ಕ ಬರೆಯುವುದೆಂದರೆ ನನಗೊಂದು ನೆಮ್ಮದಿ. ಈ ಹಬ್ಬ ಮಾತ್ರ ನನ್ನ ಗೀಟುಗಳಿಗೆ ಸಿಕ್ಕಿಲ್ಲ. ನಾನು ಚಿಕ್ಕವಳಿದ್ದಾಗ ಅದು ಅವರೆಕಾಯಿ ಕಾಲದಲ್ಲಿ ಬರುತ್ತಿತ್ತು, ಈಗ ಕಡಲೆಕಾಯಿ ಬಿತ್ತನೆಯ ಹೊತ್ತಿಗೆ ಬರುತ್ತದೆ. ಚಂದ್ರನ ಬೆನ್ನು ಹತ್ತಿ ಅದು ವರ್ಷವರ್ಷವೂ ಹಿಂದಕ್ಕೆ ಸರಿಯುತ್ತದೆ, ಅಜ್ಜಿ ಕ್ಯಾಲೆಂಡರ್ ನೋಡದೆ ಸಂಜೆಯ ಆಕಾಶ ನೋಡಿ ಪಂಜಾ ತೆಗೆಯುತ್ತಾಳೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಮುಸಲ್ಮಾನರ ಬದುಕು ಹೇಗೆ ಬೇರುಬಿಟ್ಟಿತು ಎಂಬುದು ವಿಶ್ವವಿದ್ಯಾಲಯದಲ್ಲಿ ನನ್ನ ಸಂಶೋಧನೆಯ ವಿಷಯ. ಶಿರಾದ ಹಳೆಯ ಗೋರಿಗಳ ಮುಂದೆ ನಿಂತು, ಕಲಿತ ಅಲ್ಪಸ್ವಲ್ಪ ಪಾರಸಿ ಭಾಷೆಯಲ್ಲಿ ಕಲ್ಲಿನ ಸಾಲುಗಳನ್ನು ಬೆರಳಿಟ್ಟು ಓದಿದ್ದೇನೆ. ಪಾವಗಡದ ಬಲಸಮುದ್ರದ ಕಡೆ ಸೋಲಾರ್ ಫಲಕಗಳ ನಡುವಿನ ದಾರಿಯಲ್ಲಿ ನಡೆದು, ಇದೇ ಹಬ್ಬವನ್ನು ತೆಲುಗು ಬೆರೆಸಿ ಪೀರ್ಲ ಪಂಡುಗ ಎನ್ನುವವರ ಮಾತು ಕೇಳಿದ್ದೇನೆ. ಊರೂರಿಗೂ ಮನೆಗಳ ಪಟ್ಟಿ ಮಾಡಿದ್ದೇನೆ. ನಮ್ಮೂರಿನಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲವಾದ್ದರಿಂದ ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಮಾತಿನ ನಡುವೆ ನಮ್ಮ ಮನೆಯ ಪಂಜಾದ ಸುದ್ದಿ ಬಂದಾಗ ನನ್ನ ಮಾರ್ಗದರ್ಶಕರಾದ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ದಿನ ಎಲ್ಲೆಲ್ಲೋ ಸುತ್ತಿಬಂದೆಯಲ್ಲಮ್ಮ. ಮೊದಲು ನಿಮ್ಮ ಮನೆಗೆ ಹೋಗು. ಆ ಓದುವುದನ್ನು ರೆಕಾರ್ಡ್ ಮಾಡಿಕೊಂಡು ಬಾ" ಎಂದರು.

ನಾನು ಊರು ತಲುಪಿದಾಗ ಜಗಲಿಯ ಮೇಲೆ ಅದೇ ಓದಿನ ಚರ್ಚೆ ನಡೆದಿತ್ತು. ನಮಗೆ ಸಕ್ಕರೆ ಓದುವವರು ಶಿರಾದಲ್ಲಿ ಹಾಸಿಗೆ ಹೊಲಿಯುವ ಬುಡೇನ್ ತಾತ. ಅವರಿಗಿಂತ ಮೊದಲು ಅವರ ಅಪ್ಪ, ಅದಕ್ಕೂ ಮೊದಲು ಅವರಪ್ಪ ಓದುತ್ತಿದ್ದರಂತೆ. ತಾತನಿಗೆ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಗಿತ್ತು. ಮಕ್ಕಳು ಬೇರೆ ಬೇರೆ ಊರು ಸೇರಿದ್ದರು, ಅವರಲ್ಲಿ ಯಾರೂ ಇದನ್ನು ಕಲಿತಿರಲಿಲ್ಲ. ಓದದ ಸಕ್ಕರೆಯನ್ನು ಹಂಚುವಂತಿಲ್ಲ, ಓದುವವರಿಲ್ಲದೆ ಪಂಜಾ ಕೂರಿಸುವಂತಿಲ್ಲ. ಈ ವರ್ಷ ಓದು ನಿಂತರೆ ಪಂಜಾವನ್ನು ಪಕ್ಕದ ದೊಡ್ಡೂರಿಗೆ ಒಪ್ಪಿಸಿಬಿಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ಅಜ್ಜಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

"ಅದಕ್ಯಾಕೆ ಇಷ್ಟು ಯೋಚ್ನೆ? ಫೋನ್ನಾಗೆ ಸಿಗ್ತದೆ, ಪಂಜಾ ಮುಂದಿಕ್ಕಿ ಹಾಕ್ಬುಟ್ರಾಯ್ತು" ಎಂದ ಚಿಕ್ಕಪ್ಪ.

"ಓದ್ದೋರು ಮೊದ್ಲು ಸಕ್ಕರೆ ತಿನ್ಬೇಕು ಕಣ್ಲಾ. ನಿನ್ ಫೋನು ತಿಂತದಾ?" ಅಂದಳು ಅಜ್ಜಿ.

"ಬಾಯಿಲ್ದಿದ್ರೂ ದುಡ್ಡು ತಿಂತದಲ್ಲ, ತಿಂಗ್ಳು ತಿಂಗ್ಳೂ."

ಎಲ್ಲರೂ ನಕ್ಕರು, ಅಜ್ಜಿ ನಗಲಿಲ್ಲ. ನನ್ನ ಕಡೆ ತಿರುಗಿ, "ನೀನು ಆ ಅಕ್ಷರ ಕಲ್ತಿದ್ದೀಯಂತಲ್ಲ ಮಗ, ನೀನೇ ಓದ್ಬುಡು" ಎಂದಳು. ಓದಲು ಬರುವುದು ಬೇರೆ, ಓದುವ ಹಕ್ಕು ಬೇರೆ ಎಂದು ಅವಳಿಗೆ ಹೇಗೆ ಹೇಳುವುದು? "ನನ್ ಕೈಲಾಗಲ್ಲ ಕಣಜ್ಜಿ" ಎಂದೆ. ಅವಳು ಸೆರಗು ಕೊಡವಿ ಎದ್ದು, "ಸರಿ, ತಾತನ್ನೇ ಕರ್ಕಂಬನ್ನಿ" ಎಂದಳು.

"ದನೀನೇ ಇಲ್ವಲ್ಲವ್ವ, ಹೆಂಗೆ ಓದ್ತಾರೆ?" ಎಂದ ಚಿಕ್ಕಪ್ಪ.

"ಅದು ಅವ್ರಿಗೂ ಬಾಬಯ್ಯಂಗೂ ಬುಟ್ಟಿದ್ದು. ನೀನು ಗಾಡಿ ತಗಿ."

ಚಿಕ್ಕಪ್ಪನ ಬೈಕಿನಲ್ಲಿ ತಾತ ಬಂದರು. ಕೊರಳಿಗೆ ಟವೆಲ್ ಸುತ್ತಿತ್ತು. ಅಜ್ಜಿಯನ್ನು ಕಂಡು ಕೈಸನ್ನೆಯಲ್ಲೇ, ಮುದುಕಿ ಇನ್ನೂ ಗಟ್ಟಿಯಾಗಿದ್ದೀಯಲ್ಲ ಎನ್ನುವ ಹಾಗೇನೋ ತಮಾಷೆ ಮಾಡಿದರು. ಲೋಬಾನದ ಹೊಗೆ ಎದ್ದಿತು. ಸಕ್ಕರೆಯ ತಟ್ಟೆಗಳು ಗದ್ದುಗೆಯ ಮುಂದೆ ಸಾಲಾದವು. ಹೆಂಗಸರು ಸೆರಗು ಹೊದ್ದರು, ಕುರಿ ಕಾಯುವವರು ಹೆಗಲ ಕಂಬಳಿ ಇಳಿಸಿದರು, ಎಲ್ಲರೂ ಕಣ್ಣು ಮುಚ್ಚಿ ತಲೆ ಬಾಗಿಸಿದರು. ರೆಕಾರ್ಡರ್ ಹಿಡಿದಿದ್ದ ನಾನೊಬ್ಬಳೇ ಕಣ್ಣು ತೆರೆದು ನಿಂತಿದ್ದೆ.

ತಾತನ ಅಂಗೈಗಳು ತೆರೆದವು. ತುಟಿಗಳು ಅಲುಗತೊಡಗಿದವು. ಸದ್ದಿಲ್ಲ. ಹಟ್ಟಿಯಲ್ಲಿ ಒಂದು ಮರಿ ಅರಚಿತು, ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು, ಮತ್ತೆ ಮೌನ. ಈ ಜನ ಕಾದು ಕಾದು ಕಣ್ಣು ತೆರೆದರೆ, ಯಾರಾದರೂ ಕಿಸಕ್ಕೆಂದರೆ ಅಥವಾ ಅಯ್ಯೋ ಎಂದರೆ ಎಲ್ಲ ಮುಗಿದು ಹೋಗುತ್ತದಲ್ಲ ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದೆ. ತಾತನ ತುಟಿಗಳು ನಿಂತವು. ಅಂಗೈಗಳು ಮುಖದತ್ತ ಏಳತೊಡಗಿದವು. ಅವು ಕೆನ್ನೆಯನ್ನು ಮುಟ್ಟುವ ಆ ಕ್ಷಣಕ್ಕೆ, ಮುಚ್ಚಿದ ಕಣ್ಣುಗಳ ಆ ಊರು ಒಂದೇ ಕೊರಳಿನಿಂದ ಆಮೀನ್ ಎಂದಿತು.

ಯಾರೂ ಸನ್ನೆ ಮಾಡಿರಲಿಲ್ಲ. ಒಬ್ಬರೂ ಮುಂಚೆ ಅನ್ನಲಿಲ್ಲ, ಒಬ್ಬರೂ ಹಿಂದುಳಿಯಲಿಲ್ಲ. ಅರ್ಥ ತಿಳಿಯದ ಒಂದು ಭಾಷೆಯ ಉದ್ದವನ್ನು, ಅದರ ಏರಿಳಿತಗಳನ್ನು, ಅದು ಉಸಿರು ತೆಗೆದುಕೊಳ್ಳುವ ತಾಣಗಳನ್ನು ಈ ಕುರುಬರೂ ಒಕ್ಕಲಿಗರೂ ತಮ್ಮ ಮೈಯೊಳಗೆ ಇಟ್ಟುಕೊಂಡಿದ್ದರು. ತಾತ ಒಳಗೊಳಗೇ ಓದುತ್ತಿದ್ದಾಗ ಅವರೂ ಒಳಗೊಳಗೇ ಕೇಳುತ್ತಿದ್ದರು. ಶಿರಾದ ಕಲ್ಲುಗಳ ಮುಂದೆ ನಿಂತಾಗ, ಇತಿಹಾಸ ಉಳಿಯಬೇಕಾದರೆ ಇಷ್ಟು ಗಟ್ಟಿಯಾದ ವಸ್ತು ಬೇಕು ಎಂದುಕೊಂಡಿದ್ದೆ. ನಾಲಿಗೆಯ ಮೇಲೆ ಕರಗಿಹೋಗುವುದರಲ್ಲೂ ಅದು ಇಷ್ಟು ಪೀಳಿಗೆ ಉಳಿಯಬಲ್ಲದೆಂದು ನನಗೆ ಯಾವ ಪಾಠವೂ ಹೇಳಿರಲಿಲ್ಲ. ತಾತ ಮೊದಲ ಚಿಟಿಕೆ ಬಾಯಿಗೆ ಹಾಕಿಕೊಂಡರು. ಗಂಟಲು ನೋಯಿತೇನೋ, ಕಣ್ಣಲ್ಲಿ ನೀರಾಡಿತು. ಅಜ್ಜಿ ತಟ್ಟೆ ಎತ್ತಿಕೊಂಡಳು. "ಕೇಳಿಸ್ತೇನ್ಲಾ?" ಎಂದು ಚಿಕ್ಕಪ್ಪನನ್ನು ಕೇಳಿದಳು. "ಹೂಂ ಕಣವ್ವ" ಎಂದ ಅವನು, ಮೆಲ್ಲಗೆ. ಪಂಜಾ ನಮ್ಮೂರಲ್ಲೇ ಉಳಿಯಿತು.

ಇಂದು ಬೆಳಿಗ್ಗೆ ಮೇಡಂ ನನ್ನ ರೆಕಾರ್ಡರನ್ನು ಇಸಿದುಕೊಂಡು ಕಿವಿಗೆ ಇಯರ್‌ಫೋನ್ ಹಾಕಿಕೊಂಡರು. ನಾನು ಎದುರು ಕುರ್ಚಿಯಲ್ಲಿ ಕುಳಿತೆ. ಅವರ ಹುಬ್ಬು ಗಂಟಿಕ್ಕಿತು. ಏನೂ ಇಲ್ಲವಲ್ಲ ಎನ್ನುವಂತೆ ನನ್ನನ್ನು ನೋಡಿದರು. ಸ್ವಲ್ಪ ತಾಳಿ ಎಂದು ಕೈ ತೋರಿಸಿ, ಏಕೋ ಕಣ್ಣು ಮುಚ್ಚಿದೆ. ಹೊರಗೆ ಬಸ್ಸು ಹೋಯಿತು, ಯಾರೋ ಮೆಟ್ಟಿಲಿಳಿದರು. ನನ್ನ ಕಿವಿಗೆ ರೆಕಾರ್ಡರಿನ ಒಂದು ಸದ್ದೂ ಬೀಳುತ್ತಿರಲಿಲ್ಲ. ಆದರೂ ಒಂದು ಕ್ಷಣದಲ್ಲಿ ನನ್ನ ತುಟಿ ತಾನಾಗಿಯೇ ಆಮೀನ್ ಎಂದು ಅಲುಗಿತು. ಕಣ್ಣು ತೆರೆದಾಗ ಮೇಡಂ ಇಯರ್‌ಫೋನ್ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ನೀನೂ ನಿಮ್ಮೂರಿನವರೂ ಒಟ್ಟಿಗೇ ಅಂದಿರಿ" ಎಂದರು. "ನಿನಗೆ ಹೇಗೆ ಗೊತ್ತಾಯಿತು?"

ಹಾಸ್ಟೆಲಿಗೆ ಮರಳಿದ್ದೇನೆ. ಈಗ ಪೊಟ್ಟಣವನ್ನು ದ್ವೀಪದಿಂದ ಇಳಿಸಿ ಬಿಚ್ಚುತ್ತಿದ್ದೇನೆ. ಅರ್ಧ ನಾಳೆ ಮೇಡಂಗೆ. ಉಳಿದದ್ದರಲ್ಲಿ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು, ಅದು ಪೂರ್ತಿ ಕರಗುವವರೆಗೂ ಸುಮ್ಮನೆ ಕೇಳುತ್ತೇನೆ.