ಗಂಟಲು ಕಟ್ಟಿದ ಕಂಡಕ್ಟರ್ ಕುಡಿದ ಥೈಮ್ ಚಹಾ

ಬೊಮ್ಮನಹಾಳಿನ ಈರಮ್ಮ ನನ್ನ ಮಾತು ನಂಬಿ ಹೊಲದ ಮೂಲೆಯಲ್ಲಿ ಥೈಮ್ ಬೆಳೆದಿದ್ದರು. ಮೆಡಿಟರೇನಿಯನ್ ಸಮುದ್ರದ ಕಡೆಯವರು ಚಹಾ ಮಾಡಿ ಕುಡಿಯುವ ಘಮಘಮ ಸೊಪ್ಪದು. ಇಂಥ ಹೊಸ ಬೆಳೆಗಳನ್ನು ರೈತರಿಗೆ ಪರಿಚಯಿಸುವುದೇ ನನ್ನ ಕೆಲಸ.

“ಇದನ್ನ ಯಾರು ಕುಡೀತಾರ್ರಿ ಮೇಡಂ? ಇವತ್ತು ಒಬ್ರೂ ಕುಡೀಲಿಲ್ಲಂದ್ರ, ನಾಳೆ ಕಿತ್ತು ಮೆಣಸಿನಗಿಡ ಹಚ್ತೀನಿ” ಎಂದರು ಈರಮ್ಮ. ಒಣಸೊಪ್ಪಿನ ಚೀಲ ಹಿಡಿದು ಇಬ್ಬರೂ ಆಂಧ್ರದ ಗಡಿಯ ರಾಯದುರ್ಗದ ಬಸ್ ಸ್ಟ್ಯಾಂಡಿಗೆ ಬಂದೆವು.

ಚಹಾ ಅಂಗಡಿಯವನು ಸೊಪ್ಪು ಮೂಸಿದ. “ಓಂಕಾಳಿನ ವಾಸನಿ ಐತ್ರಿ. ಹೊಟ್ಟಿನೋವು ಇದ್ದೋರಿಗೆ ಕೊಡ್ರಿ. ನನ್ನ ಗಿರಾಕಿಗಳ ಹೊಟ್ಟಿ ಚಲೋ ಐತಿ.”

ನನಗೆ ಈರಮ್ಮನ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಗಂಟಲು ಕಟ್ಟಿದ ಕಂಡಕ್ಟರ್ ಒಬ್ಬ ಬಂದು ಕೈಸನ್ನೆಯಲ್ಲೇ ಚಹಾ ಕೇಳಿದ. ಈರಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಒಲೆಯ ಮುಂದೆ ಹೋಗಿ, ಕುದಿಯುವ ನೀರಿಗೆ ಸೊಪ್ಪು, ಬೆಲ್ಲ ಹಾಕಿ, ಸೋಸಿ ಕೊಟ್ಟರು. “ಕುಡಿಯಪ್ಪಾ, ಚಲೋ ಇಲ್ಲಂದ್ರ ನನ್ನ ಬೈ.”

ಮೊದಲ ಗುಟುಕಿಗೆ ಅವನು ಮುಖ ಸಿಂಡರಿಸಿದ. ಆದರೂ ಬಿಡದೆ ಕುಡಿದು, ಕೆಮ್ಮಿ, “ಅಕ್ಕಾ, ಇಂಕೊಕಟಿ” ಎಂದು ತೆಲುಗಿನಲ್ಲಿ ಇನ್ನೊಂದು ಲೋಟ ಕೇಳಿದ. ಗೊಗ್ಗರು ದನಿ, ಆದರೂ ದನಿ! ಅದನ್ನೂ ಮುಗಿಸಿ ಬಸ್ಸಿನ ಬಾಗಿಲಲ್ಲಿ ನಿಂತು “ಬಳ್ಳಾರಿ, ಬಳ್ಳಾರಿ” ಎಂದು ಕೂಗಿದಾಗ, ಅಂಗಡಿ ಮುಂದಿದ್ದವರೆಲ್ಲ “ನಮಗೂ ಅದನ್ನೇ ಕೊಡವ್ವಾ” ಎಂದು ಮುತ್ತಿಕೊಂಡರು. ಅಂಗಡಿಯವನು ಚೀಲವನ್ನೇ ಇಟ್ಟುಕೊಂಡ. “ಮುಂದಿನ ವಾರನೂ ತರ್ರಿ” ಎಂದ. ಈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೆದ್ದ ಪೈಲ್ವಾನನ ಹಾಗೆ ಬಸ್ ಹತ್ತಿದರು.

ನನಗೆ ಮಾತ್ರ ಆ ಚಹಾ ಇವತ್ತಿಗೂ ಸೇರುವುದಿಲ್ಲ. ಈರಮ್ಮನಿಗೆ ಇದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ.