ಅಕ್ಕ ಬಿಚ್ಚಿದ ಬ್ಯಾಟರಿ

ದೇವದುರ್ಗದ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ, ಮನೆ ರಾಯಚೂರಿನಲ್ಲಿ. ದಿನವೂ ಹೋಗಿಬರಲೆಂದು ಮಾನ್ವಿಯ ಹತ್ತಿ ವ್ಯಾಪಾರಿಯೊಬ್ಬರಿಂದ ಹಳೆಯ ಹೈಬ್ರಿಡ್ ಕಾರೊಂದನ್ನು ಕೊಂಡಿದ್ದೆ. ಪೆಟ್ರೋಲ್ ಎಂಜಿನ್ ಜೊತೆಗೆ ಹಿಂದಿನ ಸೀಟಿನ ಬೆನ್ನಿಗೆ ದೊಡ್ಡ ಬ್ಯಾಟರಿಯೂ ಇದ್ದ ಕಾರು. ಎರಡನೆಯ ಬೇಸಿಗೆಯಲ್ಲಿ, ಕಾಲೇಜಿನಿಂದ ಮರಳುವಾಗ ಕೆಂಪು ದೀಪ ಹತ್ತಿತು. ಗಾಡಿ ಏದುಸಿರು ಬಿಡುತ್ತ ಹೇಗೋ ಊರು ಮುಟ್ಟಿತು. ಗ್ಯಾರೇಜಿನವರು ನೋಡಿ, ಬ್ಯಾಟರಿ ಸತ್ತಿದೆ, ಪೂರ್ತಿ ಹೊಸದೇ ಹಾಕಬೇಕು ಎಂದರು.

ಅಕ್ಕನಿಗೆ ಫೋನ್ ಮಾಡಿದ್ದು ಬೇಜಾರು ತೋಡಿಕೊಳ್ಳಲು ಮಾತ್ರ. ಅವಳು ಶಕ್ತಿನಗರದ ವಿದ್ಯುತ್ ಸ್ಥಾವರದ ಬ್ಯಾಟರಿ ಕೋಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಟೆಕ್ನಿಷಿಯನ್. ನಮ್ಮ ಮನೆತನದಲ್ಲಿ ಐಟಿಐ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ನನ್ನ ಗೋಳು ಮುಗಿಯುವವರೆಗೂ ಕೇಳಿ, ಪೂರ್ತಿ ಬ್ಯಾಟರಿ ಎಂದೂ ಒಮ್ಮೆಗೇ ಸಾಯುವುದಿಲ್ಲ, ಭಾನುವಾರ ಗಾಡಿಯನ್ನು ಹೇಗಾದರೂ ಇಲ್ಲಿಗೆ ತಾ ಎಂದಳು.

ಅಕ್ಕನ ಕ್ವಾರ್ಟರ್ಸಿನ ಮುಂದೆ, ಬೇವಿನ ನೆರಳಿನಲ್ಲಿ ಕೆಲಸ ಶುರುವಾಯಿತು. ಮೊದಲು ನನ್ನ ಉಂಗುರ, ವಾಚು, ಜೇಬಿನ ಪೆನ್ನು ಎಲ್ಲ ತೆಗೆಸಿದಳು. ಉಂಗುರ ಬಿಗಿಯಾಗಿದೆ, ಇರಲಿ ಬಿಡು ಎಂದೆ.

“ಅದ್ರಾಗ ಇನ್ನೂರೈವತ್ತು ವೋಲ್ಟಿನ ಹತ್ರ ಅದ. ನೀ ಲೆಕ್ಚರರ್ ಅಂತ ಅದಕ್ಕ ಗೊತ್ತಾಗಂಗಿಲ್ಲ ತಮ್ಮಾ,” ಎಂದಳು. ಸೋಪು ಹಚ್ಚಿ ತೆಗೆದೆ.

ರಬ್ಬರ್ ಕೈಗವಸಿನಲ್ಲಿ ತೂತಿದೆಯೇ ಎಂದು ಗಾಳಿ ತುಂಬಿಸಿ ನೋಡಿದ ಮೇಲೆ, ಬ್ಯಾಟರಿಯ ಸಂಪರ್ಕ ಕಡಿಯುವ ಕಿತ್ತಳೆ ಬಣ್ಣದ ಪ್ಲಗ್ ಎಳೆದಳು. ಯಾರೂ ಮರೆತು ಮತ್ತೆ ಸಿಕ್ಕಿಸಬಾರದೆಂದು ಅದನ್ನು ತನ್ನ ಬುತ್ತಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ಉಳಿದ ಕರೆಂಟು ಇಳಿಯಲೆಂದು ಒಂದು ಚಹಾದಷ್ಟು ಹೊತ್ತು ಕಾದೆವು. ಬಳಿಕ ಇಬ್ಬರೂ ಹಿಡಿದು ಆ ಭಾರದ ಪೆಟ್ಟಿಗೆಯನ್ನು ಕಟ್ಟಿಗೆಯ ಮಂಚದ ಮೇಲೆ ಇಳಿಸಿದೆವು.

ಒಳಗೆ ಪುಸ್ತಕ ಜೋಡಿಸಿಟ್ಟಂತೆ ಮೂವತ್ನಾಲ್ಕು ಸಣ್ಣ ಬ್ಯಾಟರಿಗಳು. ಒಂದೊಂದಕ್ಕೂ ಅಕ್ಕ ಮೀಟರ್ ಹಿಡಿದಳು, ನಾನು ಬರೆದುಕೊಂಡೆ. ಎಲ್ಲವೂ ಎಂಟು ವೋಲ್ಟಿನ ಆಸುಪಾಸು. ಹತ್ತೊಂಬತ್ತನೆಯದು ಮಾತ್ರ ಆರು. ಭಾರ ಹೊರಿಸಿ ನೋಡಲೆಂದು ಒಂದೊಂದಕ್ಕೂ ಸ್ಕೂಟರಿನ ಹೆಡ್‌ಲೈಟ್ ಬಲ್ಬು ಹಚ್ಚಿದಾಗ ಪಕ್ಕದ ಇನ್ನೊಂದರ ವೋಲ್ಟೂ ಕುಸಿಯಿತು. ಕಾರಣವೂ ಸಿಕ್ಕಿತು: ತಂಪುಗಾಳಿ ಬೀಸುವ ಫ್ಯಾನಿನ ತುಂಬ ಹತ್ತಿಯ ನಾರು. ಮಾನ್ವಿಯ ವ್ಯಾಪಾರಿ ಹಿಂದಿನ ಸೀಟಿನಲ್ಲಿ ಹತ್ತಿಯ ಮಾದರಿ ಚೀಲ ಹೊತ್ತೊಯ್ಯುತ್ತಿದ್ದರಂತೆ. ನಮ್ಮ ಕಡೆಯ ಬಿಸಿಲಿನಲ್ಲಿ ಉಸಿರು ಕಟ್ಟಿದರೆ ಯಾವ ಬ್ಯಾಟರಿ ಉಳಿದೀತು? ಅಕ್ಕ ಫ್ಯಾನು ಬಿಚ್ಚಿ ನಾರನ್ನೆಲ್ಲ ಕಿತ್ತು ತೆಗೆದಳು.

ಮುಂದಿನ ಭಾನುವಾರ ಬಸ್ಸು ಹಿಡಿದು ಮಾನ್ವಿಗೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಒಬ್ಬರ ಬಳಿ ಅಪಘಾತದಲ್ಲಿ ನುಜ್ಜಾದ ಅದೇ ಬಗೆಯ ಕಾರಿತ್ತು. ಅವರು ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು. ಅಕ್ಕ ಬಲ್ಬು, ಮೀಟರ್ ತೆಗೆದು ಹತ್ತಾರು ಬ್ಯಾಟರಿ ಪರೀಕ್ಷಿಸಿ ಎರಡನ್ನು ಬದಿಗಿಟ್ಟ ಮೇಲೆ, ಅವರು ಸ್ಟೂಲು ತಂದು ಅವಳಿಗೆ ಕೊಟ್ಟು, ಯಕ್ಕಾ, ಇದನ್ನ ಹ್ಯಾಂಗ್ ನೋಡೋದು ನಮಗೂ ತೋರಸ್ರಿ ಎಂದರು. ತೋರಿಸಿದಳು. ವಾಪಸು ಬರಲು ತಡವಾಯಿತು.

ಮಾನ್ವಿಯಿಂದ ತಂದ ಎರಡನ್ನೂ ನಮ್ಮವನ್ನೂ ಒಂದೇ ವೋಲ್ಟಿಗೆ ತರಲು ಎಲ್ಲಕ್ಕೂ ಒಟ್ಟಿಗೆ ತಂತಿ ಬಿಗಿದು ಒಂದು ದಿನ ಬಿಟ್ಟೆವು. ಹಸಿರುಗಟ್ಟಿದ ತಾಮ್ರದ ಪಟ್ಟಿಗಳನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ನಾನೇ ತಿಕ್ಕಿದೆ. ಮರುಜೋಡಣೆಯ ಕೆಲಸವನ್ನೂ ಧೈರ್ಯದಿಂದ ವಹಿಸಿಕೊಂಡೆ. ಒಂದರ ಪ್ಲಸ್ ಪಕ್ಕದ್ದರ ಮೈನಸ್‌ಗೆ ಸೇರುವಂತೆ ಒಂದು ಹೀಗೆ, ಮುಂದಿನದು ತಿರುಗಿಸಿ ಇಡಬೇಕಿತ್ತು. ಪಟ್ಟಿ ಬಿಗಿಯುವ ಮೊದಲು ಅಕ್ಕ ಸಾಲಿನ ಮೇಲೆ ಬೆರಳಾಡಿಸಿ ಒಂದು ಕಡೆ ನಿಂತಳು. ಇಪ್ಪತ್ತೇಳನೆಯದನ್ನು ನಾನು ಉಲ್ಟಾ ಇಟ್ಟಿದ್ದೆ.

ಬೈಯುತ್ತಾಳೆಂದುಕೊಂಡೆ. ಅವಳು ಬಲಗೈಯ ಗವಸು ಕಳಚಿ ಮಣಿಕಟ್ಟು ತೋರಿಸಿದಳು. ಅಲ್ಲಿದ್ದ ಉದ್ದನೆಯ ಸುಟ್ಟ ಕಲೆ ರೊಟ್ಟಿ ಹಂಚಿನದೆಂದೇ ಮನೆಯವರೆಲ್ಲ ನಂಬಿದ್ದೆವು.

“ಇದು ಹಂಚಿಂದಲ್ಲ. ಕೆಲಸಕ್ಕ ಸೇರಿದ ವರ್ಷ ನಟ್ಟು ಬಿಗಿಯೋ ಪಾನಾ ಜಾರಿ ಬ್ಯಾಟರಿ ಎರಡೂ ತುದಿಗಿ ಬಿತ್ತು, ಬೆಂಕಿ ಚಿಮ್ಮಿತು. ಅವ್ವಗ ಖರೆ ಹೇಳಿದ್ರ ಮರುದಿನಾನೇ ಕೆಲಸ ಬಿಡಿಸ್ತಿದ್ಲು.”

ಆಗ ನಾನು ಬಿ.ಎ. ಓದುತ್ತಿದ್ದೆ. ಆ ತಿಂಗಳು ಅಕ್ಕ ಎಡಗೈಯಲ್ಲಿ ಉಣ್ಣುವುದನ್ನು ನೋಡಿ ನಕ್ಕಿದ್ದು ನೆನಪಾಯಿತು. ನೋವಾಗಿತ್ತೇನೆಂದು ಈಗ ಕೇಳಿದೆ. ಕೇಳುವುದಕ್ಕೆ ಇಪ್ಪತ್ತು ವರ್ಷ ತಡವಾಗಿತ್ತು.

“ನೋವಿಗಿಂತ ಅಂಜಿಕಿ ಭಾಳ ಆಗಿತ್ತು. ಮೂರನೇ ದಿನಕ್ಕ ಮತ್ತ ಅದೇ ಪಾನಾ ಹಿಡಿದೆ,” ಎಂದು ಅಕ್ಕ ಗವಸು ಹಾಕಿಕೊಂಡು, ಉಲ್ಟಾ ಇದ್ದದ್ದನ್ನು ನನ್ನ ಕೈಯಿಂದಲೇ ತಿರುಗಿಸಿ ಇಡಿಸಿದಳು.

ಸಂಜೆ ಪೆಟ್ಟಿಗೆಯನ್ನು ಗಾಡಿಯಲ್ಲಿ ಕೂರಿಸಿದ ಮೇಲೆ ಅಕ್ಕ ಬುತ್ತಿ ಡಬ್ಬಿಯಿಂದ ಪ್ಲಗ್ ತೆಗೆದು ಸಿಕ್ಕಿಸಿದಳು. ಚಾಲೂ ಮಾಡಿದಾಗ ಕೆಂಪು ದೀಪ ಹತ್ತಲಿಲ್ಲ. ಕೃಷ್ಣೆಯ ಸೇತುವೆಯವರೆಗೆ ಹೋಗಿ ಬಂದೆವು. ಅಕ್ಕ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ಫ್ಯಾನಿನ ಸಪ್ಪಳಕ್ಕೆ ಕಿವಿಗೊಟ್ಟು ಕುಳಿತಿದ್ದಳು. ಮಧ್ಯೆ ಒಮ್ಮೆ, ಬ್ರೇಕ್ ಇಷ್ಟು ಜೋರಾಗಿ ಒತ್ತಬೇಡ, ಮೆಲ್ಲಗೆ ಒತ್ತಿದರೆ ಬ್ಯಾಟರಿಯೂ ತುಂಬುತ್ತದೆ ಎಂದು ನನಗೆ ತಾಕೀತು ಮಾಡಿದಳು.